ನಮಗೆ ಬಾರದ ವಾಸನೆ

ತರಬೇತಿ ತೋಟ, ಗಾವಡಗೆರೆ
ಹುಣಸೂರು ತಾಲ್ಲೂಕು
೧೮ ಫೆಬ್ರುವರಿ ೨೦೨೫

ಪ್ರೀತಿಯ ಪವಿತ್ರಳಿಗೆ ಆಶೀರ್ವಾದಗಳು.

ಈ ಕಾಗದ ನಿನ್ನ ಹೆಸರಿಗೆ ಬಂದಿದ್ದರೂ ನೀನು ಇದನ್ನು ಒಬ್ಬಳೇ ಓದುವುದಿಲ್ಲವೆಂದು ನನಗೆ ಗೊತ್ತು. ನಮ್ಮ ವಿದ್ಯಾರ್ಥಿ ತೌಸಿಫ್ ಲಕೋಟೆ ಕೊಟ್ಟು ನೀರು ಕುಡಿಯುವಷ್ಟರಲ್ಲಿ ನಿಮ್ಮ ಪಡಸಾಲೆ ತುಂಬಿರುತ್ತದೆ. ತಾತ ಕಂಬಕ್ಕೆ ಒರಗಿ ಕುಳಿತಿರುತ್ತಾರೆ, ಅಮ್ಮ ಒಳಬಾಗಿಲಲ್ಲಿ ನಿಂತಿರುತ್ತಾರೆ, 'ಮೇಷ್ಟ್ರು ಏನ್ ಬರ್ದವ್ರೆ, ಗಟ್ಟಿಯಾಗಿ ಓದವ್ವಾ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆದ್ದರಿಂದ ನಿನಗಿಂತ ಮೊದಲು ಆ ಪಡಸಾಲೆಯಲ್ಲಿ ನೆರೆದಿರುವ ಎಲ್ಲರಿಗೂ ನನ್ನ ನಮಸ್ಕಾರ.

ನಿನ್ನ ತಾತ ಸಣ್ಣಬೀರಯ್ಯನವರಿಗೂ ತಾಯಿ ವೀರಮ್ಮನವರಿಗೂ ಮನೆಯ ಇತರ ಹಿರಿಯರಿಗೂ ನಾನು ಕೃತಜ್ಞತೆ ಹೇಳಬೇಕಾಗಿದೆ. ಕಾರ್ತೀಕದ ಜಡಿಮಳೆಯಲ್ಲಿ ದಿಕ್ಕು ತೋಚದೆ ನಿಂತಿದ್ದ ನಮ್ಮ ವಿದ್ಯಾರ್ಥಿಗಳಿಗೆ ಅವರು ತಮ್ಮ ಹೊಗೆಸೊಪ್ಪಿನ ಬ್ಯಾರನ್ನಿನ ಬಾಗಿಲು ತೆರೆದುಕೊಟ್ಟರು. ಅಷ್ಟೂ ಜನಕ್ಕೆ ಮುದ್ದೆ, ಉಪ್ಪೆಸರು ಬಡಿಸಿದರು. ಅದಾದ ಮೇಲೆ ನಮ್ಮ ಕಡೆಯಿಂದ ಆ ಮನೆಗೆ ನೋವಾಯಿತು. ಹಾಗಿದ್ದೂ ನನ್ನ ಹೆಂಡತಿ ಸುನಂದಳ ತಿಥಿಯ ದಿನ ಸಣ್ಣಬೀರಯ್ಯನವರು ಪಿರಿಯಾಪಟ್ಟಣದಲ್ಲಿ, ಹುಣಸೂರಿನಲ್ಲಿ ಬಸ್ಸು ಬದಲಿಸಿಕೊಂಡು ನಮ್ಮ ಮನೆ ಹುಡುಕಿ ಬಂದರು. ಎಲೆಯ ಮುಂದೆ ಕುಳಿತು, ಎದ್ದು, ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಹೊರಟುಹೋದರು.

'ನನ್ನ ಹೆಸರು ಕಾಲೇಜಿನಿಂದ ತೆಗೆಸಿಬಿಡಿ ಸರ್' ಎಂದು ನೀನು ಕಳಿಸಿದ ಚೀಟಿ ನನ್ನ ಕೈಗೆ ಬಂದಾಗ ಸುನಂದ ಮೈಸೂರಿನ ಆಸ್ಪತ್ರೆಯಲ್ಲಿದ್ದಳು. ಸಂಕ್ರಾಂತಿ ಕಳೆದ ವಾರದಲ್ಲಿ ಅವಳು ಹೋದಳು. ಚೀಟಿಗೆ ಉತ್ತರ ಬರೆಯದೆ ಇಷ್ಟು ದಿನ ಕಳೆದದ್ದಕ್ಕೆ ಅದೇ ಕಾರಣವೆಂದು ಬರೆದರೆ ಎಲ್ಲರೂ ಒಪ್ಪುತ್ತಾರೆ. ನೀನೂ ಸದ್ಯಕ್ಕೆ ಒಪ್ಪಿಕೋ. ಫೋನು ಮಾಡಿದಾಗಲೆಲ್ಲ ವೀರಮ್ಮನವರು, 'ಅವ್ಳು ಹೊಲುಕ್ಕೋಗವ್ಳೆ ಸಾ' ಎನ್ನುತ್ತಾರೆ. ಹಿಂದೆಯೇ ನಿನ್ನ ಬಳೆಯ ಸದ್ದು ಕೇಳುತ್ತದೆ. ಅವರಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ ಪವಿತ್ರ. ಅವರನ್ನು ಮತ್ತೆ ಮತ್ತೆ ಆ ಕಷ್ಟಕ್ಕೆ ಸಿಕ್ಕಿಸುವುದು ಬೇಡವೆಂದೇ ಕಾಗದ ಬರೆಯಲು ಕುಳಿತೆ.

ಮೊದಲು ತೋಟದ ಸುದ್ದಿ. ಈ ಸಲದ ರಾಗಿ ಚೆನ್ನಾಗಿ ಬಂತು. ಮೆದೆ ಒಡೆದು, ಒಕ್ಕಣೆ ಮುಗಿಸಿ, ಕಾಳನ್ನು ಉಗ್ರಾಣಕ್ಕೆ ಸೇರಿಸಿದ್ದೇವೆ. ಹುಚ್ಚೆಳ್ಳನ್ನು ಶರತ್ ತಾನೇ ಮುಂದೆ ನಿಂತು ಗಾಣಕ್ಕೆ ಹಾಕಿಸಿದ. ವೀರನಹೊಸಹಳ್ಳಿಯವನಾದ್ದರಿಂದ ಎಣ್ಣೆಯ ಡಬ್ಬಕ್ಕೆ ಮುಚ್ಚಳ ಹಾಕುವಾಗಲೂ ಅವನ ಬಾಯಲ್ಲಿ ಆನೆಯ ಕಥೆಯೇ. ಮೊನ್ನೆ ಮೊದಲ ವರ್ಷದ ಮಕ್ಕಳಿಗೆ, ಆನೆಯೊಂದು ಅವರ ಹಿತ್ತಿಲಿಗೆ ಬಂದು ಹಲಸಿನ ಹಣ್ಣು ಕಿತ್ತು ತಿಂದು ಸಿಪ್ಪೆಯನ್ನು ಒಪ್ಪವಾಗಿ ಮೂಲೆಗೆ ಹಾಕಿ ಹೋಯಿತೆಂದು ಹೇಳುತ್ತಿದ್ದ. ತೌಸಿಫ್, 'ಕಸ ಗುಡಿಸಿ ಹೋಗ್ಲಿಲ್ವೇನ್ಲಾ?' ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಬಹಳ ದಿನವಾಗಿತ್ತೆಂದು ಆಗ ಅರಿವಾಯಿತು.

ಆದರೆ ಹಿಟ್ಟಿನ ಕೋಣೆಗೆ ಬೀಗ ಬಿದ್ದೇ ಇದೆ. ಬೀಸುವ ಯಂತ್ರದ ಮೇಲೆ ಗೋಣಿತಾಟು ಹೊದಿಸಿದ್ದೇವೆ. ಹಿಟ್ಟು ಮಾಡಿ ಬಂದ ಆದಾಯದಲ್ಲಿ ಹಾಸ್ಟೆಲಿನ ಖರ್ಚು ತೂಗಿಸುತ್ತಿದ್ದ ಮಕ್ಕಳಲ್ಲಿ ಕೆಲವರು ಈಗ ಭಾನುವಾರಗಳಂದು ಹೆಗ್ಗಡದೇವನಕೋಟೆ ಕಡೆಯ ಶುಂಠಿ ಹೊಲಗಳಿಗೆ ಕೂಲಿಗೆ ಹೋಗಿಬರುತ್ತಾರೆ. ಸೋಮವಾರದ ಪಾಠದಲ್ಲಿ ಅವರಿಗೆ ತೂಕಡಿಕೆ. ಬೈಯಲು ನನಗೆ ಬಾಯಿ ಬರುವುದಿಲ್ಲ.

ಇನ್ನು ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಎಲ್ಲವೂ ಗೊತ್ತು. ಆದರೆ ನಿಮ್ಮ ಮನೆಯವರಿಗೆ ಬಸ್ಸಿನಲ್ಲಿ, ಹಾಲಿನ ಡೈರಿಯಲ್ಲಿ ಕೇಳಿಬಂದ ಮಾತುಗಳಷ್ಟೇ ತಲುಪಿವೆ. ನಡೆದದ್ದು ನನ್ನ ಬಾಯಿಂದಲೇ ಅವರಿಗೆ ಮುಟ್ಟಬೇಕು. ಓದುವುದು ನಿನಗೆ ಕಷ್ಟವಾದರೂ ಬಿಡದೆ ಓದು.

ಮೊಳಕೆ ಬಂದ ರಾಗಿ ಕಾಯುವುದಿಲ್ಲ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಕೂಡಲೇ ಒಣಗಿಸಬೇಕು. ತಡವಾದರೆ ಹುಳಿ ಹೊಡೆಯುತ್ತದೆ. ಕಾರ್ತೀಕದಲ್ಲಿ ನಮ್ಮ ಇಡೀ ದಾಸ್ತಾನು ಮೊಳಕೆ ಬಂದು ಕುಳಿತಿದ್ದಾಗಲೇ ಜಡಿ ಹಿಡಿಯಿತು. ತಾರಸಿ ಒದ್ದೆ. ಬಿಸಿಲಿಲ್ಲದೆ ಸೋಲಾರ್ ಡ್ರೈಯರ್ ಬರೀ ಗಾಜಿನ ಪೆಟ್ಟಿಗೆಯಾಗಿತ್ತು. ಮೈಸೂರಿನಲ್ಲಿ ಮಕ್ಕಳ ತಿನಿಸುಗಳ ಅಂಗಡಿ ನಡೆಸುವ ಬೃಂದಾ ಅವರು ನಮ್ಮ ಮೊಳಕೆ ರಾಗಿಯ ಹುರಿಹಿಟ್ಟನ್ನು ವರ್ಷವಿಡೀ ಕೊಳ್ಳಲು ಒಪ್ಪಿದ್ದರು. ಆ ಮೊದಲ ಸರಕು ಒಪ್ಪಿಗೆಯಾದರೆ ನಮ್ಮ ಘಟಕಕ್ಕೆ ವಿಶ್ವವಿದ್ಯಾನಿಲಯದ ಕಾಯಂ ಮಂಜೂರಾತಿ ಸಿಗುವುದಿತ್ತು. ನಾವೆಲ್ಲ ಮುಗಿಲನ್ನು ನೋಡುತ್ತ ನಿಂತಿದ್ದಾಗ, 'ನಮ್ಮ ಬ್ಯಾರನ್ ಖಾಲಿ ಬಿದ್ದಿದೆ ಸರ್' ಎಂದವಳು ನೀನು.

ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಹೊಗೆಸೊಪ್ಪು ಬೇಯಿಸಲು ಕಟ್ಟಿದ ಮನೆ. ಹೊರಗೆ ಒಲೆ, ಒಳಗೆ ನೆಲದುದ್ದಕ್ಕೆ ತಗಡಿನ ಕೊಳವೆ, ಮೇಲೆ ಸೊಪ್ಪಿನ ಕಡ್ಡಿಗಳನ್ನು ಸಾಲಾಗಿ ಇಡುವ ಅಡ್ಡಮರಗಳು. ಒಣಗಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ಎಲ್ಲಿದೆ? ಸಣ್ಣಬೀರಯ್ಯನವರು ಹೊಗೆಸೊಪ್ಪು ಬಿಟ್ಟು ಕೆಲವು ವರ್ಷಗಳಾಗಿದ್ದವು. ತೌಸಿಫನ ತಂದೆ ರಜಾಕ್ ಸಾಹೇಬರು ಹುಣಸೂರಿನಿಂದ ಬಂದು ಕೊಳವೆಗಳ ತೂತು ಮುಚ್ಚಿಕೊಟ್ಟರು. ನೀವೆಲ್ಲ ಸೇರಿ ಅಡ್ಡಮರಗಳನ್ನು ಸೀಗೆಪುಡಿ ಹಾಕಿ ತಿಕ್ಕಿದಿರಿ, ಗೋಡೆಗೆ ಸುಣ್ಣ ಬಳಿದಿರಿ, ಬೇವಿನ ಸೊಪ್ಪಿನ ಹೊಗೆ ಹಾಕಿದಿರಿ. ಅದಾದ ಮೇಲೆ ನಾನು ಎಲ್ಲರನ್ನೂ ಒಳಗೆ ನಿಲ್ಲಿಸಿ ಹೊಗೆಸೊಪ್ಪಿನ ವಾಸನೆ ಏನಾದರೂ ಇದೆಯೇ ಎಂದು ಕೇಳಿದೆ. ಶರತ್ ಇಲ್ಲ ಎಂದ. ತೌಸಿಫ್ ಇಲ್ಲ ಎಂದ. ನೀನು ಮೂಲೆ ಮೂಲೆಗೂ ಹೋಗಿ ಗೋಡೆಗೆ ಮೂಗು ಹಚ್ಚಿ ನೋಡಿ ಬಂದು, 'ಒಂಚೂರೂ ಇಲ್ಲ ಸರ್' ಎಂದೆ. ನನ್ನ ಮೂಗಿಗೂ ಸುಣ್ಣದ ಹೊರತು ಬೇರೇನೂ ಸಿಗಲಿಲ್ಲ. ಆಮೇಲೆ ಒಲೆ ಹೊತ್ತಿಸಿದೆವು. ಕಾವು ಏರಿದಂತೆ ಅಡ್ಡಮರಗಳೊಳಗೆ ಇಂಗಿದ್ದದ್ದು ಹೊರಗೆ ಬಂದಿರಬೇಕು. ತಟ್ಟೆಗಳಲ್ಲಿ ಹರಡಿದ ರಾಗಿ ಅದನ್ನು ಹೀರಿಕೊಂಡಿರಬೇಕು. ಆಗಲೂ ನಮಗೆ ಅದು ತಿಳಿಯಲಿಲ್ಲ.

ಸರಕು ಮೈಸೂರಿಗೆ ಹೋದ ಮರುದಿನ ಬೃಂದಾ ಅವರ ಫೋನು ಬಂತು. ಏನಾಯಿತೆಂದು ಫೋನಿನಲ್ಲಿ ಹೇಳದೆ, ಒಮ್ಮೆ ಬಂದು ಹೋಗಿ ಸರ್ ಎಂದಷ್ಟೇ ಹೇಳಿದರು. ಹೋದೆ. ಅವರ ಪುಟ್ಟ ಮಗಳಿಗೆ ನಮ್ಮ ಹಿಟ್ಟಿನ ಗಂಜಿ ಮಾಡಿ ಮುಂದಿಟ್ಟಿದ್ದರಂತೆ. ಮಗು ಚಮಚ ಬಾಯಿಯ ಹತ್ತಿರ ತಂದು ಕೆಳಗಿಟ್ಟು, 'ಇದು ತಾತನ ಜೇಬಿನ ವಾಸನೆ, ನಂಗೆ ಬೇಡ' ಎಂದಿತಂತೆ. ಅದರ ತಾತ ಸಿಗರೇಟು ಸೇದುವವರು. ಬೃಂದಾ ಅವರು ನನ್ನ ಮುಂದೆ ಒಂದು ಪೊಟ್ಟಣ ಒಡೆದರು. ನಾನು ಮೂಗಿಗೆ ಹಿಡಿದೆ. ರಾಗಿಯ ವಾಸನೆ, ಹುರಿದ ಕಡಲೆಯ ವಾಸನೆ, ಏಲಕ್ಕಿ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದರು. ಪ್ರತಿಯೊಬ್ಬಳೂ ಮೂಗು ಮುರಿದಳು. ನಾನು ಮತ್ತೆ ಮೂಸಿದೆ. ನನಗೆ ಏನೂ ಇಲ್ಲ. ಅವರೆಲ್ಲ ನನ್ನನ್ನು ಮರುಕದಿಂದ ನೋಡುತ್ತಿದ್ದರು.

ಪುಣ್ಯಕ್ಕೆ ಒಂದು ಪೊಟ್ಟಣವೂ ಮಾರಾಟವಾಗಿರಲಿಲ್ಲ. ಪರೀಕ್ಷೆಗೆ ಕಳಿಸಿದೆವು, ಹಿಟ್ಟಿಗೆ ತಂಬಾಕಿನ ಅಂಶ ತಗುಲಿದೆ, ಮಕ್ಕಳಿಗೆ ಕೊಡತಕ್ಕದ್ದಲ್ಲ ಎಂದು ಬರೆದು ಕಳಿಸಿದರು. ದನಕ್ಕೆ ಹಾಕಲೂ ಮನಸ್ಸು ಒಪ್ಪದೆ ಅಷ್ಟನ್ನೂ ಗುಂಡಿಗೆ ಸುರಿದೆವು. ಚೀಟಿ ಅಂಟಿಸಿದ ಕೈಯಿಂದಲೇ ಪೊಟ್ಟಣಗಳನ್ನು ಹರಿದು ನೀನು ಗುಂಡಿಗೆ ಹಾಕುತ್ತಿದ್ದೆ. ಬೇರೆಯವರಿಗೆ ಬಿಡಲಿಲ್ಲ.

ವಿಚಾರಣೆಗೆಂದು ಬಂದ ವಿಶ್ವವಿದ್ಯಾನಿಲಯದ ನಿರ್ದೇಶಕರು ಕೆಟ್ಟವರಲ್ಲ. ಮಕ್ಕಳ ಆಹಾರವೆಂದು ಪೊಟ್ಟಣದ ಮೇಲೆ ಬರೆದಿದ್ದೀರಿ, ನೀವೇ ಯೋಚಿಸಿ ಎಂದರು. ಯಾರ ಸಲಹೆಯಿದು ಎಂದು ಅವರು ಕೇಳುವ ಮೊದಲೇ ನೀನು ಎದ್ದು ನಿಂತೆ. 'ಬ್ಯಾರನ್ ನಮ್ಮದು ಸರ್. ವಾಸನೆ ಇಲ್ಲ ಅಂತ ಹೇಳಿದೋಳೂ ನಾನೇ. ಇವರ್ಯಾರದ್ದೂ ತಪ್ಪಿಲ್ಲ.' ಇಷ್ಟು ಹೇಳಿ ಕುಳಿತೆ. ಸಂಜೆಯ ಬಸ್ಸಿಗೆ ಪೆಟ್ಟಿಗೆ ಹಿಡಿದು ಹೊರಟುಹೋದೆ. ನಾನು ಮಾರನೆಯ ದಿನ ತರಗತಿಯಲ್ಲಿ ನಿನ್ನ ಹೆಸರು ಕೂಗಿದ ಮೇಲೆಯೇ ನನಗೆ ವಿಷಯ ಗೊತ್ತಾದದ್ದು.

(ಊಟಕ್ಕೆ ಕರೆದರು. ಇಲ್ಲಿಗೆ ನಿಲ್ಲಿಸಿದ್ದೆ. ಮುಂದಿನದನ್ನು ಈ ಬೆಳಿಗ್ಗೆ ಬರೆಯುತ್ತಿದ್ದೇನೆ.)

ನಾನೂ ತೌಸಿಫನೂ ನಿಮ್ಮ ಮನೆಗೆ ಬಂದ ದಿನದ ಮಾತನ್ನು ಸಣ್ಣಬೀರಯ್ಯನವರ ಎದುರಿಗೇ ಓದಬೇಕಾಗುತ್ತದೆ. ಅವರು ಕ್ಷಮಿಸಬೇಕು. ಅಂದು ಮಜ್ಜಿಗೆ ತರಿಸಿಕೊಟ್ಟು, ನಾವು ಕುಡಿದು ಲೋಟ ಕೆಳಗಿಡುವವರೆಗೂ ಕಾದರು. ಆಮೇಲೆ ಕೇಳಿದರು:

'ನಮ್ ಬ್ಯಾರನ್ನು ನಾರ್ತದಂತೆ, ನಿಜವಾ ಮೇಷ್ಟ್ರೇ?'

ನಾರುತ್ತದೆಂದು ಯಾರೂ ಹೇಳಿಲ್ಲ, ಹೊಗೆಸೊಪ್ಪಿನ ವಾಸನೆ ಉಳಿದಿತ್ತು ಅಷ್ಟೆ ಎಂದು ನಾನು ತಡವರಿಸಿದೆ.

'ವಾಸ್ನೆ ಅಂದ್ರೂ ಅದೇಯ, ನಾತ ಅಂದ್ರೂ ಅದೇಯ, ಬುಡಿ. ಈ ಮಗೀನ ಅಪ್ಪುನ್ನ ಓದ್ಸಿದ್ದು ಆ ಬ್ಯಾರನ್ನು. ನಮ್ಮವ್ವನ ಕಣ್ಣಿಗ್ ಆಪರೇಸನ್ ಮಾಡ್ಸಿದ್ದು ಆ ಬ್ಯಾರನ್ನು. ನಮ್ಗೆ ಅದು ಅನ್ನದ್ ವಾಸ್ನೆ ಕಣ್ ಮೇಷ್ಟ್ರೇ. ಉಣ್ಣೋ ಅನ್ನ ನಾರ್ತದೆ ಅಂತ ಯಾರಿಗಾರಾ ಅನ್ನಿಸ್ತದಾ?'

ನನ್ನ ತಂದೆಯೂ ಗಾವಡಗೆರೆಯಲ್ಲಿ ಹೊಗೆಸೊಪ್ಪು ಬೆಳೆದವರೇ. ಹರಾಜಿಗೆ ಹೋಗುವ ಮುನ್ನ ಸೊಪ್ಪಿನ ಬೇಲುಗಳನ್ನು ನಡುಮನೆಯಲ್ಲಿ ಒಟ್ಟುತ್ತಿದ್ದರು. ನಾವು ಮಕ್ಕಳು ಅವುಗಳ ಮೇಲೆಯೇ ಮಲಗುತ್ತಿದ್ದೆವು. ಆ ಬೇಲುಗಳ ಮೇಲೆ ಪುಸ್ತಕ ಇಟ್ಟುಕೊಂಡು ಮಗ್ಗಿ ಕಲಿತವನು ನಾನು. ತೌಸಿಫನ ತಂದೆ ಬ್ಯಾರನ್ನಿನ ಕೊಳವೆ ಮಾಡಿ ಮಕ್ಕಳನ್ನು ಸಾಕಿದವರು. ಶರತನ ಮನೆಯಲ್ಲಿ ಈಗಲೂ ಸೊಪ್ಪಿದೆ. ವಾಸನೆ ಇದೆಯೇ ಎಂದು ಅಂದು ಬ್ಯಾರನ್ನಿನೊಳಗೆ ನಿಂತು ಒಬ್ಬರನ್ನೊಬ್ಬರು ಕೇಳಿಕೊಂಡವರು ನಾವು. ಮೊನ್ನೆ ತೌಸಿಫ್ ಒಂದು ಆಟ ಹೂಡಿದ್ದ. ಮುಚ್ಚಿದ ಲೋಟಗಳಲ್ಲಿ ಲವಂಗ, ಇಂಗು, ಹಳೆಯ ಹುಣಸೆಹಣ್ಣು ಹೀಗೆ ಒಂದೊಂದನ್ನಿಟ್ಟು, ಕಣ್ಣು ಕಟ್ಟಿ, ಎಲ್ಲರಿಂದ ಮೂಸಿಸಿದ. ಒಬ್ಬರೂ ತಪ್ಪಲಿಲ್ಲ. ಕೊನೆಯ ಲೋಟ ಕೊಟ್ಟಾಗ ಶರತ್, 'ಖಾಲಿ ಲೋಟ ಕೊಟ್ಟು ಯಾಮಾರಿಸ್ತೀಯೇನ್ಲಾ?' ಎಂದು ಜಗಳಕ್ಕೇ ನಿಂತ. ಅದು ಖಾಲಿ ಇರಲಿಲ್ಲ. ನಿಮ್ಮ ಬ್ಯಾರನ್ನಿನ ಅಡ್ಡಮರದಿಂದ ಹೆರೆದು ತಂದ ಹೊಟ್ಟು ಅದರಲ್ಲಿತ್ತು. ನನಗೂ ಕೊಟ್ಟ. ನಾನೂ ಖಾಲಿಯೆಂದೇ ಹೇಳಿದೆ. ಕೃಷ್ಣರಾಜನಗರದ ಕಡೆಯಿಂದ ಹೊಸದಾಗಿ ಸೇರಿರುವ ಭತ್ತದ ಮನೆಯ ಹುಡುಗಿಯೊಬ್ಬಳು ಮಾತ್ರ ಲೋಟವನ್ನು ದೂರ ತಳ್ಳಿ ಎದ್ದುಹೋಗಿ ಮುಖ ತೊಳೆದುಕೊಂಡು ಬಂದಳು.

ಆ ದಿನ ನಿಮ್ಮ ಮನೆಯಲ್ಲಿ ನಾನು ಹೊರಡುವವರೆಗೂ ನೀನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಸಣ್ಣಬೀರಯ್ಯನವರು ಬಾಗಿಲವರೆಗೆ ಬಂದು, 'ಅವ್ಳು ಇನ್ ಬರಾಕಿಲ್ಲ, ಮನೇಲೇ ಇರ್ತಾಳೆ. ನಮ್ಮಿಂದ ನಿಮ್ಗೂ ಕೆಟ್ಟೆಸ್ರು ಬ್ಯಾಡ' ಎಂದರು. ಕೋಪದಿಂದ ಹೇಳಿದ್ದರೆ ನಾನು ವಾದಿಸುತ್ತಿದ್ದೆ. ಅವರ ದನಿಯಲ್ಲಿ ಕೋಪವಿರಲಿಲ್ಲ. ಮನೆಯ ಹುಡುಗಿಯೊಬ್ಬಳು ಸಭೆಯಲ್ಲಿ ತಲೆ ತಗ್ಗಿಸಿ ನಿಂತಳೆಂಬ ಅವಮಾನವಿತ್ತು.

ಹಿರಿಯರಲ್ಲಿ ಈಗ ನನ್ನ ಬಿನ್ನಹ. ಹೋದ ವಾರ ವಿಶ್ವವಿದ್ಯಾನಿಲಯದಿಂದ ಆದೇಶ ಬಂದಿದೆ. ಹಿಟ್ಟಿನ ಘಟಕವನ್ನು ಇನ್ನೊಂದು ವರ್ಷ ನಡೆಸಿನೋಡಲು ಒಪ್ಪಿದ್ದಾರೆ. ಒಣಗಿಸುವ ಕೋಣೆಯನ್ನು ತೋಟದಲ್ಲಿಯೇ ಹೊಸ ಇಟ್ಟಿಗೆ, ಹೊಸ ಮರದಲ್ಲಿ ಕಟ್ಟಬೇಕು. ಮಕ್ಕಳು ಪಾಯ ತೋಡಿದ್ದಾರೆ. ರಜಾಕ್ ಸಾಹೇಬರು ಹೊಸ ತಗಡು ತಂದು ಕೊಳವೆ ಬಾಗಿಸುತ್ತಿದ್ದಾರೆ. ಒಂದೇ ಒಂದು ಷರತ್ತಿದೆ. ಆಹಾರ ಸುರಕ್ಷತೆಯ ತರಬೇತಿ ಮುಗಿಸಿದ ವಿದ್ಯಾರ್ಥಿಯೊಬ್ಬರು ಘಟಕದ ಹೊಣೆ ಹೊರಬೇಕು. ಆ ತರಬೇತಿಯನ್ನು ಪೂರ್ತಿ ಮುಗಿಸಿದವಳು ಪವಿತ್ರ ಒಬ್ಬಳೇ. ಉಳಿದವರದು ಆಗುವುದು ಬರುವ ವರ್ಷ. ಆ ಹುಡುಗಿಯೇ ಬರಬೇಕೇ ಎಂದು ನಿರ್ದೇಶಕರು ನನ್ನನ್ನು ಕೇಳಿದರು. ಅವಳೇ ಬರಬೇಕು ಎಂದೆ. ಅವರು ಅವಳ ಹೆಸರಿಗೆ ಜಾಗ ಬಿಟ್ಟು ಸಹಿ ಹಾಕಿದರು.

ಶಿವರಾತ್ರಿ ಕಳೆದು ಬರುವ ಸೋಮವಾರ ಕಡೆಯ ದಿನ. ಅಂದು ಪವಿತ್ರ ಬಾರದಿದ್ದರೆ ಹಿಟ್ಟಿನ ಕೋಣೆಯ ಬೀಗ ತೆಗೆಯುವುದಿಲ್ಲ, ಮತ್ತು ಅವಳ ಕೊನೆಯ ವರ್ಷವೂ ಕೈತಪ್ಪುತ್ತದೆ. ಇದನ್ನು ಹೆದರಿಸಲು ಬರೆಯುತ್ತಿಲ್ಲ ಸಣ್ಣಬೀರಯ್ಯನವರೇ. ಇರುವ ಸಂಗತಿಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮ ಬ್ಯಾರನ್ನಿಗೆ ನಾವು ತಂದ ಕೆಟ್ಟ ಹೆಸರನ್ನು ತೊಳೆಯುವ ಶಕ್ತಿ ನನಗಿಲ್ಲ. ಆದರೆ ಅದರಲ್ಲಿ ದುಡಿದು ನೀವು ಓದಿಸಿದ ಮನೆಯ ಮಗು ನಾಳೆ ಹತ್ತಾರು ಮಕ್ಕಳಿಗೆ ಕೆಲಸ ಕಲಿಸಿ ದಾರಿ ತೋರಿಸಿದರೆ ಅದು ನಿಮ್ಮ ಮನೆಗೇ ಸಲ್ಲುವ ಗೌರವ. ಅವಳನ್ನು ಕಳಿಸಿಕೊಡಿ. ಕಳಿಸುವಾಗ ತಪ್ಪು ಮಾಡಿದವಳೆಂದು ಕಳಿಸಬೇಡಿ.

ವೀರಮ್ಮನವರು ಕಳೆದ ಸಲ ಕಳಿಸಿದ ಅವರೆಕಾಳನ್ನು ಮಕ್ಕಳು ಒಂದೇ ದಿನದಲ್ಲಿ ಮುಗಿಸಿದರೆಂದು ಅವರಿಗೆ ತಿಳಿಸು. ಶರತ್ ಮಾಡಿದ ಸಾರಿನಲ್ಲಿ ಕಾಳಿಗಿಂತ ನೀರೇ ಹೆಚ್ಚಾಗಿತ್ತೆಂಬ ದೂರೂ ಇದೆ.

ಎಲ್ಲ ಹಿರಿಯರಿಗೂ ಮತ್ತೊಮ್ಮೆ ನಮಸ್ಕಾರ. ನಿನಗೆ ಒಳ್ಳೆಯದಾಗಲಿ ಮಗಳೇ. ನಿನ್ನ ಕೈ ಹಿಡಿದ ಕೆಲಸ ಹಸನಾಗಲಿ, ನಿನ್ನ ಮನಸ್ಸಿಗೆ ನೆಮ್ಮದಿ ಸಿಗಲಿ.

ನಿನ್ನ ಏಳಿಗೆಯನ್ನು ಬಯಸುವ,
ದೇವರಾಜು

ಮರೆತ ಮಾತು:

ಪವಿತ್ರ, ಈ ಹಾಳೆಯನ್ನು ಬೇರೆಯಾಗಿ ಮಡಿಸಿ ಇಟ್ಟಿದ್ದೇನೆ. ಇದನ್ನು ಗಟ್ಟಿಯಾಗಿ ಓದಬೇಡ. ಎಲ್ಲರೂ ಎದ್ದುಹೋದ ಮೇಲೆ ನೀನೊಬ್ಬಳೇ ಓದು.

ಮರೆತ ಮಾತು ಎಂದು ಬರೆದೆ. ಮರೆತಿರಲಿಲ್ಲ. ಪಡಸಾಲೆಯಲ್ಲಿ ಓದಿಸುವ ಮಾತಲ್ಲವೆಂದು ಅಲ್ಲಿ ಬರೆಯಲಿಲ್ಲ, ಅಷ್ಟೆ.

ನಮ್ಮಲ್ಲಿ ಯಾರಿಗೂ ಆ ವಾಸನೆ ತಿಳಿಯುತ್ತಿರಲಿಲ್ಲವೆಂಬಂತೆ ಮೇಲೆ ಬರೆದಿದ್ದೇನೆ. ನಮ್ಮ ನಡುವೆ ತಿಳಿಯುವವಳು ಒಬ್ಬಳಿದ್ದಳು. ಸುನಂದ ಕೃಷ್ಣರಾಜನಗರದ ನಾಲೆಯ ಬಯಲಿನವಳು. ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸತರಲ್ಲಿ ದಿಂಬಿನ ಮೇಲೆ ತನ್ನ ತವರಿನ ಸೀರೆ ಹಾಸಿಕೊಂಡು ಮಲಗುತ್ತಿದ್ದಳು. ನಿಮ್ಮನೆ ಹತ್ತಿಯಲ್ಲೂ ಹೊಗೆಸೊಪ್ಪಿನ ವಾಸನೆ ಎನ್ನುತ್ತಿದ್ದಳು. ಎಷ್ಟು ವರ್ಷ ಕಳೆದರೂ ಅವಳ ಮೂಗು ನಮ್ಮ ಮೂಗಾಗಲಿಲ್ಲ. ನಾನು ಹರಾಜು ಕಟ್ಟೆಯ ಮುಂದಿನಿಂದ ಹಾದು ಬಂದ ದಿನ ಬಾಗಿಲಲ್ಲೇ ಕಂಡುಹಿಡಿದು ಅಂಗಿ ಬಿಚ್ಚಿಸುತ್ತಿದ್ದಳು.

ಹಿಟ್ಟು ಪೊಟ್ಟಣಕ್ಕೆ ಹಾಕುವ ಮೊದಲು ನೀವೆಲ್ಲ ಒಂದು ಬಟ್ಟಲು ತುಂಬಿಕೊಂಡು ನಮ್ಮ ಮನೆಗೆ ಬಂದಿರಲ್ಲ, ಅಮ್ಮ ಒಪ್ಪಿದರೆ ಮುಗಿಯಿತು ಎಂದುಕೊಂಡು. ಅವಳು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದಳು. ಚಿಟಿಕೆ ಬಾಯಿಗೆ ಹಾಕಿಕೊಂಡಳು. 'ಚೆನ್ನಾಗದೆ ಕಣ್ರವ್ವಾ, ಕಟ್ಟಿ' ಎಂದಳು. ನೀವೆಲ್ಲ ಓಡಿಹೋದಿರಿ. ಪವಿತ್ರ, ನಾನು ಸರಕು ಕಳಿಸಲು ಸಹಿ ಹಾಕಿದ್ದು ನಿನ್ನ ಮಾತಿನ ಮೇಲಲ್ಲ. ಅವಳ ಆ ಮಾತಿನ ಮೇಲೆ.

ಆಮೇಲೆ ಅವಳಿಗೆ ತಲೆನೋವು ಹೆಚ್ಚಾಗಿ ಮೈಸೂರಿಗೆ ಕರೆದೊಯ್ದೆ. ತಲೆಯೊಳಗೆ ಗಡ್ಡೆ ಬೆಳೆದಿದೆ ಎಂದರು. ವೈದ್ಯರು ಅವಳನ್ನು ನೋಡುತ್ತ, ವಾಸನೆ ಗೊತ್ತಾಗುವುದು ನಿಂತು ಎಷ್ಟು ದಿನವಾಯಿತು ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು, ಅವಳಿಗೆ ವಾಸನೆ ಚೆನ್ನಾಗಿಯೇ ಗೊತ್ತಾಗುತ್ತದೆ ಡಾಕ್ಟರೇ, ನಮ್ಮ ಮಕ್ಕಳು ಮಾಡಿದ ಹಿಟ್ಟನ್ನು ನೋಡಿ ಒಪ್ಪಿದವಳೇ ಇವಳು ಎಂದೆ. ಹೆಮ್ಮೆಯಿಂದ ಹೇಳಿದೆ. ಹಿಟ್ಟು ವಾಪಸು ಬಂದ ಮೇಲೂ ಅವಳ ಮೂಗಿನ ಮೇಲೆ ನನಗೆ ಸಂದೇಹ ಬಂದಿರಲಿಲ್ಲ. ಇಷ್ಟು ವರ್ಷ ನಮ್ಮೊಡನೆ ಬಾಳಿ ಕಡೆಗೂ ನಮ್ಮವಳಾದಳು ಎಂದುಕೊಂಡಿದ್ದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಹಾಗೆಯೇ ಹೇಳಿದಳು:

'ಗೌರಿ ಹಬ್ಬದಿಂದ್ಲೂ ಇಲ್ಲ.'

ನಿಮ್ಮ ಬಟ್ಟಲು ಅವಳ ಕೈಗೆ ಬಂದದ್ದು ಕಾರ್ತೀಕದಲ್ಲಿ.

ವೈದ್ಯರು ಹೋದ ಮೇಲೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. 'ಉಡುಗ್ರೆಲ್ಲ ನನ್ ಮುಖಾನೇ ನೋಡ್ತಾ ನಿಂತಿದ್ರು ಕಣ್ರೀ. ಪವಿತ್ರ ಅಂತೂ ಉಸ್ರೇ ಬುಟ್ಟಿರ್ಲಿಲ್ಲ. ನಂಗೆ ಗೊತ್ತಾಗಾಕಿಲ್ಲ ಅಂತ ಅಂದಿದ್ರೆ ನೀವು ಅವತ್ತೇ ಎಲ್ಲಾ ಬುಟ್ಟು ಆಸ್ಪತ್ರೆಗೆ ಒಂಟ್ಬುಡ್ತಿದ್ರಿ. ಆ ಮಕ್ಳ ಕೆಲ್ಸ ನಿಂತೋಗದು. ಈ ಕೆಲ್ಸ ಮುಗೀಲಿ, ಆಮ್ಯಾಕೆ ಏಳನ ಅಂದ್ಕಂಡೆ.'

ಗೊತ್ತಾಗುತ್ತಿಲ್ಲ ಎಂಬ ಒಂದು ಮಾತು. ಅದನ್ನು ಅಂದು ಆಡಿದ್ದರೆ ಹಿಟ್ಟು ಉಳಿಯುತ್ತಿತ್ತು. ಅವಳೂ ಉಳಿಯುತ್ತಿದ್ದಳೇನೋ. ಇನ್ನೂ ಮೊದಲೇ ಬಂದಿದ್ದರೆ ಎಂದು ವೈದ್ಯರು ಶುರುಮಾಡಿ, ನನ್ನ ಮುಖ ನೋಡಿ, ಆ ಮಾತನ್ನು ಪೂರ್ತಿ ಮಾಡದೆ ಬಿಟ್ಟರು. ಆ ಮಾತಿನ ಉಳಿದರ್ಧವನ್ನು ನಾನು ದಿನವೂ ಬೆಳಿಗ್ಗೆ ಎದ್ದ ಕೂಡಲೇ ಪೂರ್ತಿ ಮಾಡುತ್ತಿರುತ್ತೇನೆ.

ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವ ಮುನ್ನ ಅವಳು ನನ್ನ ಕೈ ಹಿಡಿದು ಕೇಳಿಕೊಂಡದ್ದು ಒಂದೇ: 'ತೆಪ್ಪು ನಂದು ಅಂತ ಆ ಹುಡ್ಗೀಗೆ ಏಳ್ಬುಡಿ. ಅದು ಸುಮ್ಸುಮ್ನೆ ಕೊರಗ್ತಾ ಕೂತದೆ.' ಹೇಳುತ್ತೇನೆ ಎಂದೆ. ಇಷ್ಟು ದಿನ ಹೇಳಲಾಗಲಿಲ್ಲ. ಸತ್ತವಳ ಮೇಲೆ ತಪ್ಪು ಹೊರಿಸಿ ಬರೆಯಲು ನನ್ನ ಕೈ ಏಳಲಿಲ್ಲ. ಕಾಗದ ತಡವಾದದ್ದು ಅದಕ್ಕೆ.

ವಾಸನೆ ಇಲ್ಲ ಎಂದು ನೀನು ಹೇಳಿದೆ, ನಿನಗೆ ಇರಲಿಲ್ಲ. ಅದು ನಿಜವಾದ ಮಾತು. ನಮ್ಮಲ್ಲಿ ನಿಜವಲ್ಲದ ಮಾತು ಆಡಿದವಳು ಒಬ್ಬಳೇ. ಅದನ್ನೂ ಅವಳು ನಿಮ್ಮ ಮೇಲಿನ ಅಕ್ಕರೆಗೆ ಆಡಿದಳು. ಅವಳ ಪಾಲಿನ ಭಾರವನ್ನು ನೀನು ಹೊತ್ತು ಮನೆಯಲ್ಲಿ ಕುಳಿತಿರುವುದನ್ನು ಅವಳು ಸಹಿಸಲಾರಳು. ನಾನೂ ಸಹಿಸಲಾರೆ.

ನೀನು ಬಂದ ಮೇಲೆ ಹೊಸ ಮಕ್ಕಳಿಗೆ ರಾಗಿ ನೆನೆಸುವುದನ್ನು, ಮೊಳಕೆ ಕಟ್ಟುವುದನ್ನು ಆಮೇಲೆ ಕಲಿಸುವಿಯಂತೆ. ತಿಳಿಯದಿದ್ದಾಗ ತಿಳಿಯುತ್ತಿಲ್ಲ ಎಂದು ಎಲ್ಲರ ಮುಖದ ಮುಂದೆ ಹೇಳುವುದನ್ನು ಮೊದಲು ಕಲಿಸು. ಅದನ್ನು ನನಗೆ ಯಾರೂ ಕಲಿಸಲಿಲ್ಲ. ನಾನೂ ಯಾರಿಗೂ ಕಲಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಿಟ್ಟಿನ ಕೋಣೆಯ ಬಾಗಿಲಲ್ಲಿ ನಾವೆಲ್ಲ ನಿಂತಿರುತ್ತೇವೆ. ಬೀಗದ ಕೈ ನಿನ್ನ ಹೆಸರಿಗೆ ಬರೆದಾಗಿದೆ. ಬಾ ತಾಯಿ, ಬಾಗಿಲು ತೆಗೆ. ಕೆಲಸ ಶುರುಮಾಡೋಣ.

ದೇ.